10ಎಕ್ಸ್ ಮಡಚೊ ಲೆನ್ಸ್: ಅಕ್ಕಿ ಕಾಳಿನಷ್ಟ ಪತಂಗ ನೋಡಾಕ ಇಷ್ಟ ಸಾಕ್ರಿ

ಧಾರವಾಡದಾಗ ಸುಭಾಸ ರೋಡ್ ಕಡೆ ಲ್ಯಾಬ್ ಸಾಮಾನಿನ ಅಂಗಡಿಯೊಳಗ ಈ ಲೆನ್ಸ್ ತಗೊಂಡು ಎರಡು ವರ್ಷ ಆತು, 10ಎಕ್ಸ್ ಅಂದ್ರ ಹತ್ತು ಪಟ್ಟು ದೊಡ್ಡದು ತೋರಸೋದು, ಟ್ರಿಪ್ಲೆಟ್ ಅಂದ್ರ ಅಂಚಿಗೆ ಬಣ್ಣ ಕಾಣಲಾರದಂಗ ಮೂರು ಗಾಜು ಕೂಡಿಸಿ ಮಾಡಿದ್ದು, 650 ರೂಪಾಯಿ. ಅದಕ್ಕೂ ಮೊದ್ಲ ಆನ್‌ಲೈನ್‌ದಾಗ 30ಎಕ್ಸ್ ಅಂತ ಬರದಿದ್ದ ಅಗ್ಗದ್ದೊಂದು ತರಿಸಿದ್ದೆ, ಅಂಚಿಗೆಲ್ಲಾ ಕೆಂಪು ನೀಲಿ ಗೆರಿ, 30 ಪಟ್ಟು ಎಲ್ಲಿಂದ ಬರಬೇಕು, ರೊಕ್ಕ ದಂಡ.

ಇದರ ಬೆಲೆ ನನಗ ಖರೇ ಗೊತ್ತಾಗಿದ್ದು ಹೋದ ನವೆಂಬರ್‌ದಾಗ ನ್ಯೂಜಿಲೆಂಡ್‌ಗೆ ಮಗಳ ಮನಿಗೆ ಹೋದಾಗ. ಅಲ್ಲಿ ಕಾಡಿನಾಗ ಮರದಷ್ಟು ಎತ್ತರದ ಜರಿಗಿಡ, ಹಳ್ಳದ ದಂಡಿಗೆ ಲಿವರ್‌ವರ್ಟ್ (ಪಾಚಿಯಂಗ ನೆಲಕ್ಕ ಹತ್ತಿ ಬೆಳೆಯೋ, ಹೂ ಬಿಡಲಾರದ ಸಣ್ಣ ಗಿಡ) ಹಸಿರು ಕೌದಿ ಹಾಸಿದಂಗ ಬೆಳದಿತ್ತು. ಅದರ ಮ್ಯಾಲ ಸಬಟಿಂಕಾ ಅನ್ನೊ ಸಣ್ಣ ಪತಂಗ ಕುಂತಿತ್ತು, ಬರಿಗಣ್ಣಿಗೆ ಜ್ವಾಳದ ಹೊಟ್ಟು ಬಿದ್ದಂಗ. ಲೆನ್ಸ್ ಹಿಡದ್ನಿ ನೋಡ್ರಿ, ಹುಣಸಿಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳಿ ಹಂಗ ರೆಕ್ಕಿ ಹೊಳಿತಿತ್ತು, ನಡುನಡುವ ಕಂದು ಪಟ್ಟಿ, ತಲಿ ಮ್ಯಾಲ ಬಾಚಲಾರದ ಕೂದಲ.

ಪತಂಗಕ್ಕ ಸುರುಳಿ ಸೊಂಡಿಲು ಇರತೈತಿ ಅಂತ 30 ವರ್ಷ ಸಾಲ್ಯಾಗ ಹೇಳೀನಿ, ಇದಕ್ಕ ಸೊಂಡಿಲನ ಇಲ್ರಿ, ದವಡಿ ಅದಾವ, ಪರಾಗ, ಜರಿಗಿಡದ ಬೀಜಕ (ಸ್ಪೋರ್ ಪುಡಿ) ಅಗದು ತಿಂತೈತಿ, ಮರಿಹುಳ ಲಿವರ್‌ವರ್ಟ್ ತಿಂದು ಬೆಳಿತೈತಿ. ಪತಂಗ ಚಿಟ್ಟಿ ಬಳಗದಾಗ ಎಲ್ಲಾಕ್ಕಿಂತ ಮೊದ್ಲ ಬ್ಯಾರಿ ಆದ ಮನೆತನ ಇದರದು, ಮಯನ್ಮಾರ್‌ದ ಸುಮಾರು 9.9 ಕೋಟಿ ವರ್ಷದ ಹಿಂದಿನ ಅಂಬರ್‌ದಾಗೂ (ಕಲ್ಲಿನಂಗ ಗಟ್ಟಿ ಆದ ಮರದ ಅಂಟು) ಇದ ಕುಲದ್ದು ಸಿಕ್ಕೈತಿ. ಅಂಥಾ ಜೀವ ನನ್ನ ಕಣ್ಣಿಗೆ ಒಂದಿಂಚು ದೂರದಾಗ ಮೀಸಿ ಅಲ್ಲಾಡಿಸ್ಕೊಂತ ಕುಂತಿತ್ತು, ಉಸರು ಬಿಡಾಕೂ ಅಂಜಿಕಿ ಬಂತು.

ದವಡಿ ಮಾತ್ರ ಇದರಾಗ ಕಾಣಂಗಿಲ್ಲ, ಅದಕ್ಕ ಮೈಕ್ರೋಸ್ಕೋಪ್ ಬೇಕು. ಮತ್ತ ಫೋಕಸ್ ಅಷ್ಟ ಹತ್ತರ ಇರೋದರಿಂದ ಹುಳದ ಮ್ಯಾಲ ನಮ್ಮ ನೆರಳು ಬೀಳತೈತಿ, ನನಗ ಎರಡು ಹಾರಿ ಹೋಗಿ ಮೂರನೇದ್ದು ಸಿಕ್ಕಿತು, ಮುಂಜಾನಿ ತಂಪಿನ್ಯಾಗ ಹೋದ್ರ ಚಲೋ. ಲೆನ್ಸ್ ಕಣ್ಣಿಗೆ ಹಚ್ಚಿ ಹಿಡದು ತಲೀನ ಮುಂದ ಒಯ್ಯಬೇಕು. ಸ್ಕ್ರೂ ಒಮ್ಮೆ ಸಡ್ಲ ಆಗಿತ್ತು, ಚಸ್ಮಾ ಅಂಗಡಿಯವ್ರು ಬಿಗಿ ಮಾಡಿಕೊಟ್ರು.

ಈಗ ಮಳಿ ಹಿಡದೈತಿ, ಸಾಧನಕೇರಿ ಕಡೆ ಹಳೆ ಗೋಡಿ ಮ್ಯಾಲ ನಮ್ಮ ಲಿವರ್‌ವರ್ಟ್‌ನೂ ಎದ್ದಾವ, ದಿನಾ ಸಂಜಿಗೆ ಲೆನ್ಸ್ ಕಿಸೆದಾಗ ಇಟಗೊಂಡ ಹೋಗತೀನಿ. ತಗೊಳ್ಳೋರು ಟ್ರಿಪ್ಲೆಟ್ ಅಂತ ಕೇಳಿ, ಅಂಗಡಿಯಾಗ ಪೇಪರ್ ಅಕ್ಷರದ ಮ್ಯಾಲ ಹಿಡದು ನೋಡ್ರಿ, ಅಂಚಿಗೆ ಬಣ್ಣ ಕಂಡ್ರ ವಾಪಸ್ ಕೊಡ್ರಿ.