ಲಂಡನ್‌ಗೆ ಮೂರು ದಾರಿ: ಮೈಸೂರಿನವರ ಲೆಕ್ಕದಲ್ಲಿ ಯಾವುದು ವಾಸಿ

ಏರ್ ಇಂಡಿಯಾ ಹೊಸ ವಿಮಾನ ತಂದ ಮೇಲೆ ಪರಿಚಯದವರೆಲ್ಲ ಕೇಳೋದು ಒಂದೇ ಪ್ರಶ್ನೆ. ಲಂಡನ್‌ಗೆ ಈಗ ಯಾವುದರಲ್ಲಿ ಹೋದರೆ ಒಳ್ಳೇದು? ನನ್ನ ತಮ್ಮ ಅಲ್ಲಿರೋದರಿಂದ ಮೂರು ದಾರಿಯಲ್ಲೂ ಹೋಗಿ ಬಂದಿದ್ದೇನೆ, ಕೆಲವು ಸಲ ಒಬ್ಬನೇ, ಕೆಲವು ಸಲ ಅಮ್ಮನ ಜೊತೆ. ಒಂದು, ಬೆಂಗಳೂರಿಂದ ನೇರವಾಗಿ ಬೋಯಿಂಗ್ 787. ಇನ್ನೊಂದು, ದೆಹಲಿಗೆ ಹೋಗಿ ಅಲ್ಲಿಂದ ಏರ್ ಇಂಡಿಯಾದ ಹೊಸ ಏರ್‌ಬಸ್ ಎ350. ಮತ್ತೊಂದು, ದುಬೈ ಮೇಲೆ ಎಮಿರೇಟ್ಸ್‌ನ ಎರಡು ಮಹಡಿಯ ಎ380. ಎಲ್ಲವೂ ಎಕಾನಮಿ. ಬಿಸಿನೆಸ್ ಕ್ಲಾಸ್ ಬಗ್ಗೆ ನನ್ನನ್ನು ಕೇಳಬೇಡಿ, ನಮ್ಮ ಸೀಟಿಗೆ ಹೋಗುವಾಗ ಆ ಕಡೆ ಒಂದು ಕಣ್ಣು ಹಾಯಿಸಿದ್ದಷ್ಟೇ.

ವಿಮಾನ ಮಾತ್ರ ನೋಡೋದಾದರೆ ಎ350ಗೇ ನನ್ನ ಓಟು. 787ರಲ್ಲೂ ಇದರಲ್ಲೂ ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು, ಮೂರು-ಮೂರು-ಮೂರು. ಆದರೆ ಎ350 ಒಳಗೆ ಸ್ವಲ್ಪ ಜಾಸ್ತಿ ಅಗಲ. ಸೀಟು ಸುಮಾರು 18 ಇಂಚು ಬರುತ್ತದೆ, 787ರಲ್ಲಿ 17ರ ಆಸುಪಾಸು. ಒಂದಿಂಚು ಏನು ಮಹಾ ಅನ್ನಬೇಡಿ. ಮಧ್ಯದ ಸೀಟಲ್ಲಿ ಕೂತು, ಎರಡೂ ಕಡೆ ಅಗಲ ಭುಜದವರು ಬಂದು, ಊಟದ ಟ್ರೇ ಕೈಗೆ ಬಂದಾಗ ಮೊಣಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಒದ್ದಾಡಿದವರಿಗೆ ಅದರ ಬೆಲೆ ಗೊತ್ತು. ಇಂಜಿನ್ ಸದ್ದೂ ಕಮ್ಮಿ. ಎಷ್ಟು ಕಮ್ಮಿ ಅಂದ್ರೆ, ನಾಲ್ಕು ಸಾಲು ಹಿಂದೆ ಮಗು ಅತ್ತರೂ ಚೆನ್ನಾಗಿ ಕೇಳಿಸುತ್ತದೆ!

787ರಲ್ಲಿ ಕಿಟಕಿ ದೊಡ್ಡದು, ಆದರೆ ಎಳೆಯೋಕೆ ಮುಚ್ಚಳ ಇಲ್ಲ. ಕೆಳಗೊಂದು ಬಟನ್, ಒತ್ತಿದರೆ ಗಾಜು ನಿಧಾನಕ್ಕೆ ಕಡು ನೀಲಿಯಾಗುತ್ತದೆ. ಅಮ್ಮ ಅದನ್ನ ನಾಲ್ಕೈದು ಸಲ ಒತ್ತಿ ನೋಡಿ, 'ಇದೇನೋ, ಬಿಸಿಲು ನಿಂತರೂ ಸೂರ್ಯ ಕಾಣಿಸ್ತಾನಲ್ಲೋ' ಅಂದರು. ನಿಜ, ಪೂರ್ತಿ ಕತ್ತಲು ಆಗಲ್ಲ. ಅದೂ ಸಾಲದು ಅಂತ ಸಿಬ್ಬಂದಿ ಎಲ್ಲಾ ಕಿಟಕಿಗಳನ್ನೂ ಒಟ್ಟಿಗೇ ನೀಲಿ ಮಾಡಿಬಿಟ್ಟರೆ ನಮ್ಮ ಬಟನ್ ಕೆಲಸ ಮಾಡಲ್ಲ. ಕಿಟಕಿ ಸೀಟಿಗೆ ಅಂತ ದುಡ್ಡು ಕೊಟ್ಟು ಹಗಲಲ್ಲಿ ಹೋಗುವವರು ಇದನ್ನ ಯೋಚನೆ ಮಾಡಿ.

ಈ ಎರಡರಲ್ಲೂ ಒಂದು ನಿಜವಾದ ಲಾಭ ಇದೆ, ಅದು ಗಾಳಿಯ ಒತ್ತಡದ್ದು. ಹಳೇ ಲೋಹದ ವಿಮಾನಗಳಲ್ಲಿ ಒಳಗಿನ ಒತ್ತಡ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೂ ಇಳಿಯಬಹುದು, ಅಂದ್ರೆ ಊಟಿಗಿಂತ ಮೇಲೆ ಹತ್ತು ಗಂಟೆ ಕೂತ ಹಾಗೆ. 787, ಎ350 ಎರಡೂ ಹೆಚ್ಚಾಗಿ ಕಾರ್ಬನ್ ಫೈಬರ್‌ನಿಂದ ಮಾಡಿದವು, ಇವುಗಳಲ್ಲಿ ಅದು ಸುಮಾರು 6,000 ಅಡಿ. ಗಾಳಿಯಲ್ಲಿ ತೇವವೂ ಜಾಸ್ತಿ ಇಡಬಹುದು, ತುಕ್ಕಿನ ಭಯ ಅಷ್ಟಿಲ್ಲ. ಇಳಿದಾಗ ತಲೆ ಭಾರ, ಗಂಟಲು ಒಣಗೋದು ಕಮ್ಮಿ ಅನ್ನೋದು ನನ್ನ ಅನುಭವ.

ಹಾಗಾದರೆ ಎ350 ಹತ್ತಿ ಅಂತ ಹೇಳಿ ಮುಗಿಸಬಹುದಿತ್ತು. ತೊಂದರೆ ಏನು ಅಂದ್ರೆ, ಅದು ಹೊರಡೋದು ದೆಹಲಿಯಿಂದ.

ಇದೇ ಎ350 ಮೊದಲು ಪ್ರಯಾಣಿಕರನ್ನು ಹೊತ್ತು ಹಾರಿದ್ದು ನಮ್ಮ ಬೆಂಗಳೂರಿಂದ ಮುಂಬೈಗೆ, 2024ರ ಜನವರಿ 22ರಂದು. ಪೈಲಟ್‌ಗಳಿಗೂ ಸಿಬ್ಬಂದಿಗೂ ಕೈ ಪಳಗಲಿ ಅಂತ ಕೆಲವು ತಿಂಗಳು ದೇಶದೊಳಗೇ ಓಡಿಸಿದರು. ಆಮೇಲೆ ಸೆಪ್ಟೆಂಬರ್‌ನಿಂದ ದೆಹಲಿ–ಲಂಡನ್, ನವೆಂಬರ್‌ನಿಂದ ದೆಹಲಿ–ನ್ಯೂಯಾರ್ಕ್. ಮೊದಲು ಬಂದ ಆರು ವಿಮಾನ ರಷ್ಯಾದ ಏರೋಫ್ಲೋಟ್‌ಗೆ ಅಂತ ತಯಾರಾಗಿದ್ದವು, ಯುದ್ಧ ಶುರುವಾಗಿ ನಿರ್ಬಂಧ ಬಿದ್ದ ಮೇಲೆ ನಮ್ಮ ಪಾಲಿಗೆ ಬಂದವು. ಯಾರದೋ ಮನೆಗೆ ಅಂತ ಮಾಡಿಸಿದ ಸೋಫಾ ಅನ್ನಿ, ಆದರೂ ಚೆನ್ನಾಗೇ ಇದೆ.

ಮೈಸೂರಿನವನು ಈ ದಾರಿ ಹಿಡಿದರೆ ಏನಾಗುತ್ತದೆ ನೋಡಿ. ಸಬರ್ಬ್ ಬಸ್‌ಸ್ಟ್ಯಾಂಡಿಂದ ಫ್ಲೈಬಸ್ ಹತ್ತಿ ದೇವನಹಳ್ಳಿಗೆ ಸುಮಾರು 180 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕೆಂಗೇರಿವರೆಗೆ ಸಲೀಸು, ಆಮೇಲೆ ಬೆಂಗಳೂರಿನ ಟ್ರಾಫಿಕ್ ದೇವರು ಮಾಡಿದ ಹಾಗೆ. (ಮದ್ದೂರು ಬೈಪಾಸ್ ಆಗಿಹೋಯ್ತು, ವಡೆನೂ ಇಲ್ಲ.) ಅಲ್ಲಿಂದ ದೆಹಲಿಗೆ ಮುಕ್ಕಾಲು ದಿನ ಹೋದ ಹಾಗೆ ಅನ್ನಿಸುವ ಮೂರು ಗಂಟೆ. ಅಲ್ಲಿ ಇಮಿಗ್ರೇಷನ್ ಕ್ಯೂ. ಡಿಸೆಂಬರ್–ಜನವರಿ ಆದರೆ ಮಂಜು ಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ಕಂಪನಿಗಳು ದಕ್ಷಿಣಕ್ಕೆ ಇಳಿದು ಸುತ್ತು ಹಾಕಬೇಕಾಯಿತು. ನಾವು ದಕ್ಷಿಣದಿಂದ ಉತ್ತರಕ್ಕೆ ಹೋಗಿ, ಮತ್ತೆ ದಕ್ಷಿಣಕ್ಕೆ ಬಂದು, ಆಮೇಲೆ ಪಶ್ಚಿಮಕ್ಕೆ ಹೋಗೋದು. ಇದಕ್ಕೆ ಏನನ್ನಬೇಕು ಹೇಳಿ! ವಾಪಸ್ ಬರುವಾಗಲೂ ದೆಹಲಿಯಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜ್ ಕೊಟ್ಟು ಬೆಂಗಳೂರಿನ ವಿಮಾನ ಹಿಡಿದೆ. ಅಮ್ಮ ಜೊತೆಗಿದ್ದಿದ್ದರೆ ಕಷ್ಟ ಆಗ್ತಿತ್ತು.

ದುಬೈ ದಾರಿ ಇದಕ್ಕಿಂತ ಎಷ್ಟೋ ವಾಸಿ. ಎಮಿರೇಟ್ಸ್ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಎ380 ತಂದಿತು. ಕೆಳಗಿನ ಮಹಡಿಯಲ್ಲಿ ಸಾಲಿಗೆ ಹತ್ತು ಸೀಟು ಅಂದ್ರೂ ಇಕ್ಕಟ್ಟು ಅನ್ನಿಸುವುದಿಲ್ಲ, ವಿಮಾನವೇ ಅಷ್ಟು ಅಗಲ. ಹಾರುವಾಗ ಅಲುಗಾಟ ಕಮ್ಮಿ, ಸದ್ದೂ ಕಮ್ಮಿ. ಸುಮಾರು ನಾಲ್ಕು ಗಂಟೆ ಹಾರಿ ಇಳಿದು, ಕಾಲಾಡಿಸಿ, ಮತ್ತೆ ಏಳೂವರೆ ಗಂಟೆ. ಒಂದೇ ಸಮ ಕೂರೋಕೆ ಆಗದ ನನ್ನಂಥವರಿಗೆ ಆ ನಿಲುಗಡೆಯೇ ಹಿತ. ದಿನಕ್ಕೆ ಹಲವು ವಿಮಾನ ಇರೋದರಿಂದ ಮೈಸೂರು ಬಿಡುವ ಹೊತ್ತನ್ನೂ ನಾವೇ ಆರಿಸಬಹುದು. ಮಧ್ಯರಾತ್ರಿ ಬಸ್ ಹಿಡಿಯೋದು ಬೇಡ ಅಂದ್ರೆ ಬೇಡ. ಎ380 ತಯಾರಿಸೋದು 2021ಕ್ಕೇ ನಿಂತಿದೆ, ಹತ್ತಬೇಕು ಅನ್ನೋ ಆಸೆ ಇದ್ದವರು ಈಗಲೇ ಹತ್ತಿ.

ಕೊರತೆ ಅಂದ್ರೆ, ದುಬೈನಲ್ಲಿ ನಡೆಯೋದು ಜಾಸ್ತಿ. ಮಂಡಿ ನೋವಿದ್ದವರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಬಿಡಿ, ಸಂಕೋಚ ಬೇಡ.

ಇನ್ನು ನೇರ ವಿಮಾನ. ಬ್ರಿಟಿಷ್ ಏರ್‌ವೇಸ್ ಹಳಬರು. ವರ್ಜಿನ್ ಅಟ್ಲಾಂಟಿಕ್ 2024ರ ಮಾರ್ಚ್ ಕೊನೆಗೆ ಬಂತು, ಏರ್ ಇಂಡಿಯಾ ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್‌ನ ಗ್ಯಾಟ್ವಿಕ್ ವಿಮಾನ ನಿಲ್ದಾಣಕ್ಕೆ ಶುರು ಮಾಡಿತು. ಹತ್ತು-ಹನ್ನೊಂದು ಗಂಟೆ, ಮುಗೀತು. ನಾನು ಹೋದ ಒಂದು ನೇರ ವಿಮಾನದಲ್ಲಿ, ಯಾರದು ಅಂತ ಹೇಳಲ್ಲ, ಎದುರಿನ ಸ್ಕ್ರೀನ್ ಸತ್ತುಹೋಗಿತ್ತು. ಓದುವ ದೀಪ ಒತ್ತಿದರೆ ಪಕ್ಕದವರ ತಲೆ ಮೇಲೆ ಹತ್ತುತ್ತಿತ್ತು. ಅವರು ಪಾಪ ನಿದ್ದೆ ಮಾಡುತ್ತಿದ್ದರು. ಹಾಗಿದ್ದೂ ಅಮ್ಮನ ಜೊತೆ ಹೋಗುವಾಗ ನಾನು ಆರಿಸೋದು ನೇರ ವಿಮಾನವನ್ನೇ. ಒಂದು ಸಲ ಕೂರಿಸಿದರೆ ಲಂಡನ್‌ನಲ್ಲೇ ಏಳಿಸಬಹುದು. ಚಟ್ನಿಪುಡಿ, ಮೈಸೂರು ಪಾಕಿನ ಡಬ್ಬ ಇರುವ ಬ್ಯಾಗು ಒಂದು ಸಲ ಎಕ್ಸ್‌ರೇ ದಾಟಿದರೆ ಸಾಕು.

ಸ್ಕ್ರೀನು, ಸೀಟು ರಿಪೇರಿ ಮಾಡಿಸಬಹುದಾದ ವಸ್ತು, ದೆಹಲಿಯನ್ನ ದಕ್ಷಿಣಕ್ಕೆ ಎಳೆದು ತರೋಕಾಗಲ್ಲ, ಅಲ್ವಾ? ರಿಪೇರಿ ನಡೀತಾನೂ ಇದೆ. ಏರ್ ಇಂಡಿಯಾಗೆ 787 ಬರೋಕೆ ಶುರುವಾಗಿದ್ದು 2012ರಲ್ಲಿ. ಆ ಹಳೇ 787-8ಗಳ ಒಳಭಾಗ ಪೂರ್ತಿ ಬದಲಾಯಿಸುವ ಕೆಲಸ 2025ರ ಜುಲೈನಲ್ಲಿ ಶುರುವಾಯಿತು. ಟಾಟಾ ಕೈಗೆ ಬಂದ ಮೇಲೆ 2023ರ ಫೆಬ್ರವರಿಯಲ್ಲಿ ಒಟ್ಟು 470 ವಿಮಾನಕ್ಕೆ ಆರ್ಡರ್ ಅಂತ ದೊಡ್ಡ ಸುದ್ದಿ ಆಯಿತಲ್ಲ, ಅದರಲ್ಲಿ ದೂರದ ದಾರಿಗೆ ಅಂತ ಇರೋದು 40 ಎ350, 20 ಬೋಯಿಂಗ್ 787-9, 10 ಬೋಯಿಂಗ್ 777ಎಕ್ಸ್. ಉಳಿದ 400 ಚಿಕ್ಕವು, ಲಂಡನ್‌ಗೆ ಹೋಗುವವರಿಗೆ ಅದರಿಂದ ಏನೂ ಇಲ್ಲ. ಅದಾದ ಮೇಲೆ ಇನ್ನೂ ಹತ್ತು ಎ350 ಸೇರಿಸಿದ್ದಾರೆ. 777ಎಕ್ಸ್ ಅಂತೂ ಬೋಯಿಂಗ್ ಕಡೆಯಿಂದಲೇ ವರ್ಷಗಟ್ಟಲೆ ತಡ. ಅದನ್ನ ನಂಬಿ ಟೂರ್ ಪ್ಲಾನ್ ಮಾಡಬೇಡಿ.

ನಾನು ಕಣ್ಣಿಟ್ಟಿರೋದು ಇಂಡಿಗೋ ಮೇಲೆ. ಅವರು 2024ರಲ್ಲಿ 30 ಎ350ಗೆ ಆರ್ಡರ್ ಕೊಟ್ಟು, ಮರುವರ್ಷ ಅದನ್ನ 60 ಮಾಡಿದರು. ಅವು ಬರೋದು 2027ರಿಂದ ಅಂತ ಹೇಳಿದ್ದರು. ಅಲ್ಲಿಯವರೆಗೆ ಬಾಡಿಗೆ 787-9 ತಂದು 2025ರ ಜುಲೈನಲ್ಲಿ ಮುಂಬೈಯಿಂದ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್ ಶುರು ಮಾಡಿದರು. ಎ350 ಕೈಗೆ ಬಂದಾಗ ಒಂದೆರಡನ್ನಾದರೂ ಬೆಂಗಳೂರಲ್ಲಿ ಇಟ್ಟು ಲಂಡನ್‌ಗೋ ಮ್ಯಾಂಚೆಸ್ಟರ್‌ಗೋ ನೇರ ಬಿಟ್ಟರೆ ಈ ಇಡೀ ಹೋಲಿಕೆಯೇ ತಲೆಕೆಳಗಾಗುತ್ತದೆ. ಒಳ್ಳೇ ವಿಮಾನವೂ ಒಳ್ಳೇ ದಾರಿಯೂ ಒಂದೇ ಟಿಕೆಟ್ಟಿನಲ್ಲಿ ಸಿಕ್ಕ ಹಾಗೆ.

ಸದ್ಯಕ್ಕೆ ನನ್ನ ಆಯ್ಕೆ ಇಷ್ಟು. ಅಪ್ಪ-ಅಮ್ಮನ ಜೊತೆ ಹೋಗೋರು ನೇರ ವಿಮಾನ ಹಿಡೀರಿ, ಹಳೇದಾದರೂ ಚಿಂತೆಯಿಲ್ಲ. ಒಬ್ಬರೇ ಹೋಗೋರಿಗೆ, ಅದರಲ್ಲೂ ಉದ್ದ ಕಾಲಿನವರಿಗೆ ದುಬೈ. ದೆಹಲಿಯ ಎ350 ಆ ಕಡೆ ಬೇರೆ ಕೆಲಸ ಇದ್ದವರಿಗೆ, ಇಲ್ಲ ಟಿಕೆಟ್ ತೀರಾ ಅಗ್ಗಕ್ಕೆ ಸಿಕ್ಕರೆ. ಬುಕ್ ಮಾಡುವಾಗ ದುಡ್ಡು ಕಟ್ಟೋ ಮುಂಚೆ ವಿಮಾನದ ಮಾಡೆಲ್ ಯಾವುದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿ. ಹೊರಡುವ ವಾರ ಇನ್ನೊಂದು ಸಲ ನೋಡಿ, ಬದಲಾಯಿಸಿರುತ್ತಾರೆ.