ಪೊರಾಕ್ಟಂಟ್ ಆಲ್ಫಾ: ಹನ್ನೊಂದು ವರ್ಷ ಕೈಯಾರೆ ಬಳಸಿದವಳ ಅಭಿಪ್ರಾಯ

ನಮ್ಮ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಫ್ರಿಜ್ಜಿನಲ್ಲಿ ನಾನು ಪಾಳಿಗೆ ಬಂದ ಕೂಡಲೇ ಎಣಿಸಿ ನೋಡುವ ಔಷಧಿ ಇದು. ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟ್, ಅಂದರೆ ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಗೂಡುಗಳು ಮುದುಡದಂತೆ ಹಿಡಿಯುವ ವಸ್ತು. ಬೆಲೆ ಕೇಳಿ ಕಂಗಾಲಾಗುವ ಮನೆಯವರಿಗಾಗಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು 28 ವಾರಕ್ಕೇ ಹುಟ್ಟಿದ ಹೆಣ್ಣುಮಗು, ತೂಕ 1,200 ಗ್ರಾಂ. ಉಸಿರೆಳೆದಾಗಲೆಲ್ಲ ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಮೊದಲ ಡೋಸ್ ಕಿಲೋಗೆ 2.5 ಎಂ.ಎಲ್.; ಈ ಮಗುವಿಗೆ 3 ಎಂ.ಎಲ್., ಅಂದರೆ ಒಂದೂವರೆ ಎಂ.ಎಲ್.ನ ಎರಡು ವಯಲ್ (ಪುಟ್ಟ ಔಷಧಿ ಸೀಸೆ). "ಒಂದರಲ್ಲಿ ಆಗುವುದಿಲ್ಲವೇ ಸಿಸ್ಟರ್?" ಎಂದು ಅಜ್ಜ ಚೀಟಿ ಹಿಡಿದುಕೊಂಡು ಕೇಳಿದರು. "ಆಗುವುದಿಲ್ಲ ಅಜ್ಜಾ" ಎಂದೆ. ಕಾರಣ ಹೇಳಲು ಆಗ ಹೊತ್ತಿರಲಿಲ್ಲ.

ಗರ್ಭದಲ್ಲಿ ಶ್ವಾಸಕೋಶದ ಪ್ರೋಟೀನುಗಳು ಒಂದೇ ಸಲಕ್ಕೆ ತಯಾರಾಗುವುದಿಲ್ಲ. ಸರ್ಫ್ಯಾಕ್ಟಂಟ್ ಒಸರುವ ಟೈಪ್ 2 ಕೋಶಗಳು ಕಾಣಿಸಿಕೊಳ್ಳುವುದು ಸುಮಾರು 24ನೇ ವಾರಕ್ಕೆ. ಸರ್ಫ್ಯಾಕ್ಟಂಟ್ ಸಾಕಷ್ಟು ಕೂಡುವುದು 34-35ನೇ ವಾರದ ಹೊತ್ತಿಗೆ. ಅದರಲ್ಲಿ ಬಹುಪಾಲು ಕೊಬ್ಬು. ಆ ಕೊಬ್ಬು ಗಾಳಿಗೂಡಿನ ಒಳಮೈಗೆ ತೆಳ್ಳಗೆ ಹರಡಿ, ಉಸಿರು ಬಿಟ್ಟಾಗ ಗೂಡು ಮುದುಡದಂತೆ ಹಿಡಿಯಬೇಕಾದರೆ ಎಸ್‌ಪಿ-ಬಿ, ಎಸ್‌ಪಿ-ಸಿ ಎಂಬ ಎರಡು ಪುಟ್ಟ ಪ್ರೋಟೀನುಗಳು ಬೇಕೇ ಬೇಕು. ಎಸ್‌ಪಿ-ಬಿಯನ್ನು ಕೋಶ ಮೊದಲು ಉದ್ದ ಸರಪಳಿಯಾಗಿ ಕಟ್ಟಿ, ಎರಡೂ ತುದಿ ಕತ್ತರಿಸಿ, 79 ಅಮೈನೋ ಆಮ್ಲಗಳ ತುಂಡನ್ನು ಉಳಿಸಿಕೊಳ್ಳುತ್ತದೆ. 28 ವಾರದ ಕೂಸಿಗೆ ಈ ಕೆಲಸ ಇನ್ನೂ ಕೈಗೂಡಿರುವುದಿಲ್ಲ. ವಯಲಿನಲ್ಲಿ ಆ ಎರಡೂ ಇವೆ, ಶೇಕಡಾ 1ರಷ್ಟು ಮಾತ್ರ. ಹಣ ಕೊಡುವುದು ಅದಕ್ಕೇ ಎಂದು ನಾನು ತಿಳಿದಿದ್ದೇನೆ.

ಬಳಸುವುದು ಸುಲಭ, ಅವಸರ ಮಾತ್ರ ಕೂಡದು. ಫ್ರಿಜ್ಜಿನಿಂದ ತೆಗೆದ ವಯಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತೇನೆ. ತಳದಲ್ಲಿ ಕೂತಿದ್ದ ಕೆನೆಬಣ್ಣದ ಗಸಿ, ಮೆಲ್ಲಗೆ ತಲೆಕೆಳಗು ಮಾಡಿದಾಗ ಹಾಲಿನಂತೆ ಕದಡಿಕೊಳ್ಳುತ್ತದೆ. ಕುಲುಕಬಾರದು, ನೊರೆ ಏಳುತ್ತದೆ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಒಂದು ಮಾತು ಬಸುರಿಯರ ಮನೆಯವರಿಗೆ. ಅವಧಿಗೆ ಮುನ್ನ ನೋವು ಕಾಣಿಸಿದರೆ ತಡಮಾಡಬೇಡಿ. ತಾಯಿಗೆ 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದು ಮಗುವಿನ ಕೋಶಗಳನ್ನೇ ಬೇಗ ದುಡಿಯಲು ಹಚ್ಚುತ್ತದೆ, ಬೆಲೆಯೂ ಅತಿ ಕಡಿಮೆ. ಈ ತಾಯಿ ಬಂದಾಗ ಒಂದು ಡೋಸಿಗಷ್ಟೇ ಸಮಯವಿತ್ತು.

ಡಾಕ್ಟರು ಉಸಿರುನಾಳಕ್ಕೆ ಔಷಧಿ ಬಿಟ್ಟ ಅರ್ಧ ಗಂಟೆಯಲ್ಲಿ ಆಕ್ಸಿಜನ್ನನ್ನು ಶೇಕಡಾ 60ರಿಂದ 30ಕ್ಕೆ ಇಳಿಸಿದೆವು. ಎರಡನೆಯ ಡೋಸ್ ಬೇಕಾಗಲಿಲ್ಲ. ಅಜ್ಜನನ್ನು ಒಳಗೆ ಕರೆದು ಮಗುವಿನ ಎದೆ ತೋರಿಸಿದೆ. ಪಕ್ಕೆಗಳ ನಡುವೆ ಆ ಕುಳಿ ಬೀಳುತ್ತಿರಲಿಲ್ಲ.