ಪಂದಿ ಕರಿಗೆ ಕಾಡುಹಂದಿಯೋ, ಜಿಂಕೆಯೋ: ಮ್ಯೂನಿಕ್‌ನ ಅಡುಗೆಮನೆಯಿಂದ ಒಂದು ಹೋಲಿಕೆ

ಮ್ಯೂನಿಕ್ ಸುತ್ತಮುತ್ತ ಮನೆಯಡುಗೆಗೆ ಸಿಗುವ ಕಾಡುಪ್ರಾಣಿಗಳ ಮಾಂಸದಲ್ಲಿ ಮೂರು ಬಗೆಯವನ್ನು ಈಚಿನ ವರ್ಷಗಳಲ್ಲಿ ಕೊಂಡು, ಕೊಡಗಿನ ಮಸಾಲೆಯಲ್ಲಿ ಬೇಯಿಸಿ ನೋಡಿದ್ದೇನೆ: ಬೇಟೆಗಾರರಿಂದ ನೇರವಾಗಿ ಬರುವ ಕಾಡುಹಂದಿ, ಅವರಿಂದಲೇ ಬರುವ ರೇ ಎಂಬ ಪುಟ್ಟ ಜಿಂಕೆ, ಮತ್ತು ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ ಸದಾ ಇರುವ ಕೆಂಪು ಜಿಂಕೆಯ ತುಂಡುಗಳು. ಕಳೆದ ಚಳಿಗಾಲದಲ್ಲಿ ಕೊಂಡ ಕಾಡುಹಂದಿಯ ಭುಜ ಎಷ್ಟು ಚೆನ್ನಾಗಿ ಬಂತೆಂದರೆ, ಈ ಹೋಲಿಕೆಯನ್ನು ನಿಷ್ಪಕ್ಷಪಾತವಾಗಿ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ಉಳಿದೆರಡರ ಬಗ್ಗೆ ಹೇಳುವುದೆಲ್ಲವೂ ಅದರ ಪಕ್ಕದಲ್ಲಿಟ್ಟು ನೋಡಿದ ಮಾತು.

ನಮ್ಮ ಊರಿನಲ್ಲಿ ಈ ಹೋಲಿಕೆಗೆ ಅವಕಾಶವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾಂಸವೆಂಬುದು ಹಿರಿಯರ ನೆನಪಿನ ಮಾತಾಯಿತು. ಮಡಿಕೇರಿಯಲ್ಲಿ ನಾನು ತಿಂದು ಬೆಳೆದ ಪಂದಿ ಕರಿ ಸಾಕಿದ ಹಂದಿಯದು. ಜರ್ಮನಿಯಲ್ಲಿ ಹಾಗಲ್ಲ. ಬೇಟೆಗೆ ಪರವಾನಗಿಯಿದೆ, ಋತುವಿದೆ, ಬೇಟೆಯಾಡಿದ್ದನ್ನು ತಪಾಸಣೆಯ ಬಳಿಕ ಮನೆ ಬಳಕೆಯವರಿಗೆ ಮಾರುವುದಕ್ಕೆ ಕಾನೂನಿನ ದಾರಿಯಿದೆ. ಹೊಲ ಉಳುವವರಿಗೆ ಕಾಡುಹಂದಿ ದೊಡ್ಡ ಉಪದ್ರವವಾದ್ದರಿಂದ ಅದು ಧಾರಾಳವಾಗಿ ಸಿಗುತ್ತದೆ.

ಸೂಪರ್‌ಮಾರ್ಕೆಟ್ಟಿನದನ್ನು ಬೇಗ ಮುಗಿಸಿಬಿಡುತ್ತೇನೆ. ಪೊಟ್ಟಣದ ಮೇಲೆ ಕಾಡಿನ ಚಿತ್ರವಿದ್ದರೂ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ನಾನು ಕೊಂಡದ್ದು ನ್ಯೂಜಿಲೆಂಡಿನಲ್ಲಿ ಬೇಲಿಯೊಳಗೆ ಸಾಕಿದ ಕೆಂಪು ಜಿಂಕೆ. ಅದರಲ್ಲಿ ತಪ್ಪೇನಿಲ್ಲ, ಮಾಂಸ ಶುಚಿಯಾಗಿಯೇ ಇತ್ತು. ಆದರೆ ಗುಲಾಷ್ ಎಂಬ ಮಾಂಸದ ಸಾರಿಗೆಂದು ಒಂದೇ ಅಳತೆಗೆ ಕತ್ತರಿಸಿದ ತುಂಡುಗಳಲ್ಲಿ ತೊಡೆಯದೂ ಭುಜದ್ದೂ ಬೆರೆತಿರುವುದರಿಂದ, ಕೆಲವು ತುಂಡು ಬೆಂದು ನಾರಾಗುವ ಹೊತ್ತಿಗೆ ಇನ್ನು ಕೆಲವು ಹಲ್ಲಿಗೆ ಸಿಗದೆ ಜಾರುತ್ತವೆ. ಮೂಳೆಯೂ ಇಲ್ಲ, ಕೊಬ್ಬೂ ಇಲ್ಲ. ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ ಹಾಕಿದ ಮೇಲೆ ಉಳಿದದ್ದು ಹುಳಿ ಮಾತ್ರ.

ರೇ ಜಿಂಕೆಯ ಮಾಂಸ ಬೇರೆಯೇ ದರ್ಜೆಯದು, ಮತ್ತು ಅದನ್ನು ಕಡೆಗಣಿಸುವುದು ಅನ್ಯಾಯವಾದೀತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಗಂಡು ರೇ ಬೇಟೆ ಮೇ ತಿಂಗಳಲ್ಲಿ ತೆರೆದುಕೊಳ್ಳುತ್ತದೆ, ಹೆಣ್ಣು ಮತ್ತು ಮರಿಗಳದು ಸೆಪ್ಟೆಂಬರಿನಲ್ಲಿ. ಹಾಗಾಗಿ ಬೇಸಿಗೆಯಲ್ಲಿಯೂ ತಾಜಾ ಮಾಂಸ ಸಿಗುವುದು ಇದರ ದೊಡ್ಡ ಅನುಕೂಲ. ತೊಡೆಯನ್ನು ಸ್ನಾಯುವಿನ ಗೆರೆ ಹಿಡಿದು ಬಿಡಿಸಿಕೊಂಡು, ಮೇಲಿನ ಬೆಳ್ಳಿಬಣ್ಣದ ತೆಳುಪೊರೆಯನ್ನು ಚೂಪು ಚಾಕುವಿನಿಂದ ಸುಲಿಯಬೇಕು. ಚಾಕುವಿನ ಅಲುಗನ್ನು ಪೊರೆಯ ಕಡೆಗೆ ತುಸು ಓರೆ ಮಾಡಿ ಹಿಡಿಯದಿದ್ದರೆ ಪೊರೆಯ ಜೊತೆ ಒಳ್ಳೆಯ ಮಾಂಸವೂ ಹೋಗುತ್ತದೆ, ಪೊರೆಯನ್ನು ಬಿಟ್ಟರೆ ಬಾಣಲೆಯಲ್ಲಿ ತುಂಡುಗಳು ಸುರುಳಿಕೊಳ್ಳುತ್ತವೆ. ಇಷ್ಟು ಮಾಡಿ, ಕುಟ್ಟಿದ ಕರಿಮೆಣಸು, ಬೆಳ್ಳುಳ್ಳಿ, ಕರಿಬೇವಿನೊಂದಿಗೆ ದೊಡ್ಡ ಉರಿಯಲ್ಲಿ ಹುರಿದರೆ ಎಳೆಯ ಕುರಿಮಾಂಸಕ್ಕಿಂತ ನಯವಾದ ರುಚಿ ಬರುತ್ತದೆ. ಆದರೆ ಅದು ಹುರಿಯುವ ಮಾಂಸ. ಹುರಿದ ಜೀರಿಗೆ, ಕೊತ್ತಂಬರಿ, ಸಾಸಿವೆ, ಮೆಂತ್ಯದ ಕಪ್ಪು ಪುಡಿ ಮತ್ತು ಕಾಚಂಪುಳಿ ಸೇರಿದ ಗಳಿಗೆಯಿಂದ ಪಾತ್ರೆಯಲ್ಲಿರುವುದು ರೇ ಜಿಂಕೆಯೋ ಬೇರೆ ಯಾವುದೋ ಹೇಳಲಾಗುವುದಿಲ್ಲ. ಅಷ್ಟು ಬೆಲೆ ಕೊಟ್ಟು ತಂದದ್ದನ್ನು ಮಸಾಲೆಯಲ್ಲಿ ಮುಳುಗಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಕಾಡುಹಂದಿ ಈ ಮಸಾಲೆಗೆ ಎದುರು ನಿಲ್ಲುತ್ತದೆ. ಸಾಕುಹಂದಿಗಿಂತ ಗಾಢ ಕೆಂಪು ಬಣ್ಣ, ಬಿಗಿಯಾದ ಎಳೆ, ಓಕ್ ಮತ್ತು ಬೀಚ್ ಮರಗಳ ಕಾಯಿ ಉದುರುವ ಕಾಲದಲ್ಲಿ ಮೇದು ಕೊಬ್ಬಿದ ಪ್ರಾಣಿಯಾದರೆ ಬಾದಾಮಿಯ ನೆನಪು ತರುವ ಕೊಬ್ಬು. ಕೇಳಿ ಕೊಳ್ಳಬೇಕಾದದ್ದು ಎರಡನೆಯ ವರ್ಷದ ಹಂದಿಯ ಮಾಂಸವನ್ನು. ಇಲ್ಲಿಯ ಬೇಟೆಗಾರರು ಅದನ್ನು ಊಬರ್‌ಲಾಯ್ಫರ್ ಎನ್ನುತ್ತಾರೆ. ನವೆಂಬರಿನಿಂದ ಜನವರಿಯವರೆಗಿನ ಬೆದೆಯ ಕಾಲದಲ್ಲಿ ಹೊಡೆದ ದೊಡ್ಡ ಗಂಡಿನ ಮಾಂಸಕ್ಕೆ ಒಂದು ಕಟು ವಾಸನೆಯಿರುತ್ತದೆ, ಅದನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ.

ಇಷ್ಟೆಲ್ಲ ಗುಣವಿದ್ದರೂ ಕಾಡುಹಂದಿಗೆ ಒಂದು ತೊಡಕಿದೆ, ಮತ್ತು ಅದು ಸಣ್ಣದಲ್ಲ: ಅದಕ್ಕೆ ಚರ್ಮವಿರುವುದಿಲ್ಲ. ಕೊಡಗಿನಲ್ಲಿ ಹಂದಿಯನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದು, ಚರ್ಮ ಸಹಿತ ತುಂಡು ಮಾಡುತ್ತಾರೆ. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರಬೇಕೆಂಬುದು ಪಂದಿ ಕರಿಯ ಮೊದಲ ನಿಯಮ. ಇಲ್ಲಿಯ ಕಸಾಯಿಖಾನೆಗಳಲ್ಲಿಯೂ ಸಾಕುಹಂದಿಯನ್ನು ಬಿಸಿನೀರಿನಲ್ಲಿ ಅದ್ದಿ ಕೂದಲು ತೆಗೆಯುವುದರಿಂದ ಅದರ ಚರ್ಮ ಉಳಿಯುತ್ತದೆ. ಕಾಡುಹಂದಿಯ ದಪ್ಪ ಬಿರುಗೂದಲು, ಅದರೊಳಗಿನ ಕೆಸರು, ಉಣ್ಣಿ ಹುಳು ಇವುಗಳ ರಗಳೆ ಬೇಡವೆಂದು ಬೇಟೆಗಾರರು ಪ್ರಾಣಿಯನ್ನು ತಣ್ಣನೆಯ ಕೋಣೆಯಲ್ಲಿ ತೂಗುಹಾಕಿ ಕುರಿಯಂತೆ ತೊಗಲನ್ನೇ ಸುಲಿದುಬಿಡುತ್ತಾರೆ, ಮತ್ತು ತೊಗಲಿನ ಜೊತೆಗೆ ಕೊಬ್ಬಿನ ಒಂದು ಪಾಲೂ ಹೋಗುತ್ತದೆ. ಚರ್ಮ ಸುಲಿಯದೆ ಕೊಡಿ ಎಂದು ನಾನು ಕೇಳಿದಾಗ ಮಾರುವವರ ಮುಖದಲ್ಲಿ ಕಂಡದ್ದು ನಿರಾಕರಣೆಯಲ್ಲ, ಇಂಥ ಬೇಡಿಕೆ ಯಾಕೆ ಬಂತೆಂಬ ಶುದ್ಧ ಕುತೂಹಲ.

ಚರ್ಮವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಪಾತ್ರೆಯಲ್ಲಿ ಬೇಗ ಗೊತ್ತಾಗುತ್ತದೆ. ಪಂದಿ ಕರಿಗೆ ತೆಂಗಿನಕಾಯಿಯಿಲ್ಲ. ಅದರ ಗೊಜ್ಜು ತುಂಡಿಗೆ ಅಂಟಿಕೊಂಡು ನಿಲ್ಲುವುದು ಚರ್ಮ ಬೆಂದು ಬಿಡುವ ಅಂಟಿನಿಂದ, ತುಟಿಗೆ ಹತ್ತುವ ಆ ಜಿಗುಟಿನಿಂದ. ಅದಿಲ್ಲದೆ ಬೇಯಿಸಿದ ಕಾಡುಹಂದಿಯ ಕರಿಯಲ್ಲಿ ಮಸಾಲೆ ಒಂದು ಕಡೆ, ನೀರು ಒಂದು ಕಡೆ, ಮಾಂಸ ಮಾತ್ರ ಘನವಾಗಿ ಮಧ್ಯದಲ್ಲಿ ಕುಳಿತಿರುತ್ತದೆ. ನೀರು ಇಂಗಿಸಿ ಗಟ್ಟಿ ಮಾಡಹೊರಟರೆ ಕೊಬ್ಬು ಕಡಿಮೆಯಿರುವ ಮಾಂಸ ಒಣಗಿ ಎಳೆಎಳೆಯಾಗುತ್ತದೆ, ಇಂಗಿಸದಿದ್ದರೆ ಸಾರಾಗುತ್ತದೆ.

ಚರ್ಮ ಸಹಿತ ಸಾಕುಹಂದಿಯ ಹೊಟ್ಟೆಯ ಭಾಗವನ್ನು ಅರ್ಧಕ್ಕರ್ಧ ಬೆರೆಸುವ ಸಲಹೆಯನ್ನು ಅನೇಕರು ಕೊಡುತ್ತಾರೆ. ಹಾಗೆ ಮಾಡಿದರೆ ಗೊಜ್ಜು ಸರಿಹೋಗುತ್ತದೆ, ಆದರೆ ಸಾಕುಹಂದಿಯ ಮೆದು ಕೊಬ್ಬು ಎಲ್ಲವನ್ನೂ ಆವರಿಸಿ ಕಾಡುಹಂದಿಯನ್ನು ಕೊಂಡದ್ದೇ ವ್ಯರ್ಥವಾಗುತ್ತದೆ. ಕೊನೆಗೆ ನನಗೆ ಒಗ್ಗಿದ ಉಪಾಯವೆಂದರೆ ಕಟುಕರ ಅಂಗಡಿಯಲ್ಲಿ ಬರೀ ಚರ್ಮವನ್ನು ಕೇಳಿ ತರುವುದು. ಉಪ್ಪು ಹಚ್ಚಿರದ, ಹೊಗೆ ಹಾಕಿರದ ಚರ್ಮವೇ ಬೇಕೆಂದು ಒತ್ತಿ ಹೇಳಬೇಕು. ಅದನ್ನು ಹೆಬ್ಬೆರಳ ಉಗುರಿನಷ್ಟು ಚೌಕ ತುಂಡು ಮಾಡಿ, ಅರಿಸಿನ ಹಾಕಿದ ನೀರಿನಲ್ಲಿ ಮುಂಚಿತವಾಗಿ ಒಂದು ತಾಸು ಬೇಯಿಸಿ, ಆ ನೀರನ್ನೂ ಸೇರಿಸಿಯೇ ಕಾಡುಹಂದಿಯ ಪಾತ್ರೆಗೆ ಸುರಿಯುತ್ತೇನೆ. ಕಿಲೋ ಮಾಂಸಕ್ಕೆ 150 ಗ್ರಾಂ ಚರ್ಮ ಸಾಕು. ಆಮೇಲೆ ಸಣ್ಣ ಉರಿಯಲ್ಲಿ ಎರಡು ತಾಸು. ಕುಕ್ಕರನ್ನು ಈ ಮಾಂಸಕ್ಕೆ ನಾನು ಬಳಸುವುದಿಲ್ಲ. ಕಪ್ಪು ಪುಡಿ ಮತ್ತು ಕಾಚಂಪುಳಿ ಕೊನೆಯ ಕಾಲು ಗಂಟೆಯಲ್ಲಿ ಮಾತ್ರ.

ಸುರಕ್ಷತೆಯ ವಿಷಯದಲ್ಲಿ ರೇ ಜಿಂಕೆಯೇ ಮೇಲು ಎಂಬುದನ್ನು ಒಪ್ಪಬೇಕು. ಕಾಡುಹಂದಿಯ ಮಾಂಸವನ್ನು ಮಾರುವ ಮುನ್ನ ಟ್ರೈಕಿನೆಲ್ಲ ಎಂಬ ಹುಳುವಿಗಾಗಿ ಪರೀಕ್ಷೆ ಮಾಡಿಸುವುದು ಕಡ್ಡಾಯ. ದಕ್ಷಿಣ ಜರ್ಮನಿಯಲ್ಲಿ ಇನ್ನೊಂದು ಪರೀಕ್ಷೆಯೂ ಇದೆ. 1986ರ ಚೆರ್ನೋಬಿಲ್ ದುರಂತದ ನಂತರ ಈ ಭಾಗದಲ್ಲಿ ಸುರಿದ ಮಳೆ ಸೀಸಿಯಂ-137 ಎಂಬ ವಿಕಿರಣ ವಸ್ತುವನ್ನು ಕಾಡಿನ ಮಣ್ಣಿಗೆ ಇಳಿಸಿತು. ಮಣ್ಣಿನೊಳಗೆ ಬೆಳೆಯುವ ಜಿಂಕೆ ಟ್ರಫಲ್ ಎಂಬ ಅಣಬೆ ಅದನ್ನು ಹೀರಿಕೊಳ್ಳುತ್ತದೆ, ಹಂದಿ ಮೂತಿಯಿಂದ ನೆಲ ಬಗೆದು ಆ ಅಣಬೆಯನ್ನು ತಿನ್ನುತ್ತದೆ. ಚಿಗುರು ಮೇಯುವ ಜಿಂಕೆಯಲ್ಲಿ ಸೀಸಿಯಂ ವರ್ಷ ಕಳೆದಂತೆ ಇಳಿದರೂ ಹಂದಿಯಲ್ಲಿ ಅಷ್ಟಾಗಿ ಇಳಿದಿಲ್ಲ. ಇದಕ್ಕೆ ಹಳೆಯ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ ಕೂಡ ಕಾರಣವೆಂದು 2023ರಲ್ಲಿ ವಿಯೆನ್ನಾ ಮತ್ತು ಹ್ಯಾನೋವರ್‌ನ ವಿಜ್ಞಾನಿಗಳು ತೋರಿಸಿದರು. ವಿಕಿರಣದ ಅಳತೆಯಲ್ಲಿ ಕಿಲೋಗೆ 600 ಬೆಕ್ವೆರೆಲ್ ಮೀರಿದ ಮಾಂಸವನ್ನು ಮಾರುವಂತಿಲ್ಲ. ಅಳತೆಯ ಫಲಿತಾಂಶ ಕೇಳಿದರೆ ಕೊಡುತ್ತಾರೆ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಬಳಿ ನಾನು ಕೊಳ್ಳುವುದಿಲ್ಲ. ಎರಡೂ ಮಾಂಸ ಒಳಗಿನವರೆಗೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ನಿಮಿಷವಾದರೂ ಬೇಯಬೇಕೆಂಬುದು ಇಲ್ಲಿಯ ಸಲಹೆ. ಕರಿಗೆ ಅದು ಸಮಸ್ಯೆಯಲ್ಲ, ಹುರಿಯುವ ಜಿಂಕೆಗೆ ಗಮನ ಬೇಕು.

ಜೊತೆಗೆ ಬೇಕಾಗುವ ತರಕಾರಿಯ ಲೆಕ್ಕದಲ್ಲಿಯೂ ಹಂದಿಯೇ ಗೆಲ್ಲುತ್ತದೆ, ಏಕೆಂದರೆ ಚಳಿಗಾಲದ ರೈತರ ಸಂತೆಯಲ್ಲಿ ಸಿಗುವ ಅಗ್ಗದ ತರಕಾರಿಗಳೆಲ್ಲ ಅದಕ್ಕೆ ಹೊಂದುತ್ತವೆ. ಸಿಪ್ಪೆ ಸಹಿತ ಬೇಯಿಸಬಹುದಾದ ಕಿತ್ತಳೆ ಬಣ್ಣದ ಹೊಕ್ಕೈಡೊ ಕುಂಬಳ ಬರುವುದು ಸರಿಯಾಗಿ ಕೊಡಗಿನ ಕೈಲ್ ಪೊಳ್ದ್ ಹಬ್ಬದ ಆಸುಪಾಸಿನಲ್ಲಿ. ಬೆಲ್ಲ ಸ್ವಲ್ಪ ಕಡಿಮೆ ಮಾಡಿದರೆ ಊರಿನ ಕುಂಬಳ ಕರಿಗೆ ಸಮೀಪದ ರುಚಿ ಸಿಗುತ್ತದೆ. ಸುಕ್ಕುಸುಕ್ಕು ಎಲೆಯ ವಿರ್ಸಿಂಗ್ ಕೋಸಿನ ಪಲ್ಯ ನಮ್ಮ ಎಲೆಕೋಸಿಗಿಂತ ಒಂದು ಪಾಲು ಮೇಲು. ನವಿಲುಕೋಸು ಕೊಳ್ಳುವಾಗ ಮಾರುವವರು ಎಲೆ ಕಿತ್ತು ಹಾಕಲೇ ಎಂದು ಕೇಳುತ್ತಾರೆ, ಬಹಳ ಮಂದಿ ಹೂಂ ಎನ್ನುತ್ತಾರೆ, ಮೇಜಿನ ಕೆಳಗಿನ ಬುಟ್ಟಿಯಲ್ಲಿ ಬೀಳುವ ಆ ಎಲೆಗಳನ್ನು ನಾನು ಕೇಳಿ ಪಡೆದು ಒಗ್ಗರಣೆಗೆ ಹಾಕುತ್ತೇನೆ. ರೇ ಜಿಂಕೆಗೆ ಒಪ್ಪುವುದು ಜುಲೈ-ಆಗಸ್ಟಿನ ಹಳದಿ ಶಾಂಟರೆಲ್ ಅಣಬೆ, ಎಳೆಯ ಬೀನ್ಸ್. ರುಚಿ ಬಹಳ ಚೆನ್ನಾಗಿದೆ, ಅಣಬೆಯ ಬೆಲೆ ಮಾತ್ರ ಮಾಂಸದ ಬೆಲೆಗೆ ಪೈಪೋಟಿ ಕೊಡುತ್ತದೆ.

ನಾನು ಕೊಡುವ ದರದಲ್ಲಿ ಮೂಳೆ ಸಹಿತ ಹಂದಿಯ ಭುಜ ಕಿಲೋಗೆ 10 ಯೂರೋ ಆಸುಪಾಸು, ರೇ ಜಿಂಕೆಯ ತೊಡೆ ಅದರ ಎರಡು ಪಟ್ಟು. ಜಿಂಕೆಯನ್ನು ಹುರಿದ ದಿನವೇ ತಿನ್ನಬೇಕು. ಹಂದಿಯ ಕರಿ ಮರುದಿನಕ್ಕೆ ಇನ್ನೂ ಚೆನ್ನಾಗುತ್ತದೆ, ಶನಿವಾರ ಬೇಯಿಸಿ ಸೋಮವಾರದವರೆಗೆ ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆಗಳೊಂದಿಗೆ ತಿನ್ನುವ ನನ್ನಂಥವರಿಗೆ ಇದು ದೊಡ್ಡ ಮಾತು. ಹಂದಿ ತಿನ್ನದ ಸ್ನೇಹಿತರು ಬರುವ ದಿನ, ಮತ್ತು ಅಡುಗೆಮನೆಯಲ್ಲಿ ಎರಡು ತಾಸು ಒಲೆ ಉರಿಸಲಾಗದ ಬೇಸಿಗೆಯ ಸಂಜೆ, ಜಿಂಕೆಯನ್ನೇ ತರುತ್ತೇನೆ. ಉಳಿದಂತೆ ಚಳಿಗಾಲದ ಸಾಮೂಹಿಕ ಬೇಟೆಗಳು ಶುರುವಾಗುವ ಮುಂಚೆಯೇ ಭುಜ ಎರಡು, ಕುತ್ತಿಗೆ ಒಂದು ಎಂದು ಹೇಳಿಟ್ಟಿರುತ್ತೇನೆ. ಗುಂಡು ಹೊಕ್ಕ ಕಡೆಯ ರಕ್ತಗಟ್ಟಿದ ಭಾಗವನ್ನು ತೂಕಕ್ಕೆ ಮೊದಲೇ ಕತ್ತರಿಸಿ ತೆಗೆಯಬೇಕೆಂಬುದನ್ನೂ ಆಗಲೇ ಮಾತಾಡಿಕೊಂಡಿರುತ್ತೇನೆ.